ಮೂಗಿನ ಕೆಲಸವನ್ನು ವಹಿಸಿಕೊಂಡ ಯಂತ್ರ

ಮೂಗು ಎಂದೊಡನೆ ವಾಸನೆಯನ್ನು ನೆನೆಯುವವರೇ ಹೆಚ್ಚು. ಆದರೆ ಅದು ಹಗಲಿರುಳೂ ಸದ್ದಿಲ್ಲದೆ ನಡೆಸುವ ಇನ್ನೊಂದು ಕಾರ್ಯವಿದೆ. ಒಳಗೆಳೆದುಕೊಂಡ ಗಾಳಿಯು ಮಾಗಿಯ ಬೆಳಗಿನದಾಗಿರಲಿ, ಬಿರುಬೇಸಗೆಯ ಮಧ್ಯಾಹ್ನದ್ದಾಗಿರಲಿ, ಪುಪ್ಪುಸಗಳ ಒಳಭಾಗವನ್ನು ಮುಟ್ಟುವ ವೇಳೆಗೆ 37 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯನ್ನೂ, ಆ ಉಷ್ಣತೆಯಲ್ಲಿ ಹಿಡಿಸುವಷ್ಟು ನೀರಾವಿಯನ್ನೂ ಪಡೆದಿರುತ್ತದೆ. ಈ ಕೆಲಸದ ಬಹುಪಾಲು ನಡೆಯುವುದು ಮೂಗಿನೊಳಗಿನ ರಕ್ತಭರಿತವಾದ ತೇವದ ಪೊರೆಯಲ್ಲಿ. ಹೊರಬರುವ ಉಸಿರಿನಿಂದ ಈ ಪೊರೆಯು ಶಾಖವನ್ನೂ ನೀರನ್ನೂ ಸ್ವಲ್ಪಮಟ್ಟಿಗೆ ಹಿಂದಕ್ಕೆ ಪಡೆಯುವುದೂ ಉಂಟು. ಜಿಪುಣತನದಲ್ಲಿ ನಿಸರ್ಗವನ್ನು ಮೀರಿಸಿದವರಿಲ್ಲ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಮುತ್ತಿದಾಗ, ಉಸಿರಾಡಲಾರದ ರೋಗಿಗಳ ಕೊರಳಿನಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ನಳಿಗೆಯನ್ನಿಳಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಉಸಿರಾಡಿಸುವ ಕ್ರಮವನ್ನು ವೈದ್ಯ ಬ್ಯೋರ್ನ್ ಇಬ್ಸೆನ್ ಆರಂಭಿಸಿದನು. ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ಆ ಚೀಲಗಳನ್ನು ಹಿಸುಕಿದರು. ಮುಂದೆ ಅವರ ಕೈಗಳ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ಆದರೆ ಗಾಳಿಯು ನಳಿಗೆಯ ಮೂಲಕ ನೇರವಾಗಿ ಒಳಹೊಕ್ಕರೆ ಮೂಗಿಗೆ ಕೆಲಸವೇ ಇಲ್ಲವಷ್ಟೆ! ಸಿಲಿಂಡರಿನ ಆಮ್ಲಜನಕದಲ್ಲಿಯೋ ನೀರಿನ ಅಂಶ ಇಲ್ಲವೆಂದೇ ಹೇಳಬೇಕು.

ಒಣಗಾಳಿ ತನಗೆ ಬೇಕಾದ ನೀರನ್ನು ಶ್ವಾಸನಾಳದ ಪೊರೆಯಿಂದಲೇ ಹೀರಿಕೊಳ್ಳುತ್ತದೆ. ನಿಮಿಷಕ್ಕೆ 8 ಲೀಟರಿನಂತೆ ಲೆಕ್ಕ ಹಾಕಿದರೆ, ಒಂದು ದಿನಕ್ಕೆ ಅರ್ಧ ಲೀಟರ್ ನೀರು! ಧೂಳನ್ನೂ ರೋಗಾಣುಗಳನ್ನೂ ಲೋಳೆಯೊಡನೆ ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಆಗ ಸ್ತಬ್ಧವಾಗುತ್ತವೆ. ಲೋಳೆಯು ಅಂಟಿನಂತೆ ಗಟ್ಟಿಯಾಗಿ ನಳಿಗೆಯನ್ನೇ ಮುಚ್ಚಿಬಿಡಬಹುದು. ಉಸಿರು ಕೊಡಲೆಂದು ಇಟ್ಟ ದಾರಿಯೇ ಉಸಿರುಗಟ್ಟಿಸುವ ಪ್ರಸಂಗವಿದು.

ಹಾಗಾದರೆ ಗಾಳಿಯನ್ನು ತಣ್ಣೀರಿನ ಸೀಸೆಯ ಮೂಲಕ ಗುಳ್ಳೆಗುಳ್ಳೆಯಾಗಿ ಹಾಯಿಸಿದರೆ ಸಾಲದೆ ಎಂದು ಓದುಗರು ಕೇಳಬಹುದು. ಸಾಲದು. 20 ಡಿಗ್ರಿಯ ಗಾಳಿ ಲೀಟರಿಗೆ ಸುಮಾರು 17 ಮಿಲಿಗ್ರಾಂ ಆವಿಯನ್ನು ಮಾತ್ರ ಹಿಡಿಯಬಲ್ಲದು; 37 ಡಿಗ್ರಿಯಲ್ಲಿ ಅದಕ್ಕೆ 44 ಮಿಲಿಗ್ರಾಂ ಹಿಡಿಸುತ್ತದೆ. ತುಂಬಿ ತುಳುಕುವ ಪಾವನ್ನು ಸೇರಿಗೆ ಸುರಿದಂತೆ, ಸೀಸೆಯಲ್ಲಿ ಪೂರ್ಣ ಆರ್ದ್ರವಾಗಿದ್ದ ಗಾಳಿ ದೇಹದೊಳಗೆ ಬಿಸಿಯಾದೊಡನೆ ಅರ್ಧಕ್ಕಿಂತಲೂ ಬರಿದಾಗಿ ಕಾಣುತ್ತದೆ. ಆದುದರಿಂದ ತೇವದಷ್ಟೇ ಶಾಖವೂ ಅಗತ್ಯ.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇದಕ್ಕಾಗಿ ರಚಿಸಿದ ಮೊದಲ ಮಾದರಿಗೆ ಹಣ್ಣು ಕಾಪಿಡುವ ಗಾಜಿನ ಜಾಡಿಯೇ ನೀರಿನ ಪಾತ್ರೆಯಾಯಿತು. ಇಂದಿನ ಉಪಕರಣದಲ್ಲಿಯೂ ತತ್ತ್ವ ಅದೇ: ಕಾದ ತಟ್ಟೆಯ ಮೇಲೆ ನೀರು, ಅದರ ಮೇಲೆ ಹಾಯುವ ಗಾಳಿ. ತೊಡಕಿರುವುದು ಮುಂದಿನ ಹಾದಿಯಲ್ಲಿ. ಕೊಳವೆಯಲ್ಲಿ ಗಾಳಿ ತಣಿದರೆ ಆವಿಯು ಹನಿಗಟ್ಟಿ ರೋಗಿಯ ಕಡೆಗೆ ಹರಿಯಬಹುದು. ಅದಕ್ಕಾಗಿ ಕೊಳವೆಯೊಳಗೆ ಬಿಸಿತಂತಿಯನ್ನು ಎಳೆದಿರುತ್ತಾರೆ.

ನಿದ್ರೆಯಲ್ಲಿ ಉಸಿರು ಕಟ್ಟುವವರಿಗಾಗಿ ಮೂಗಿಗೆ ಒತ್ತಡದ ಗಾಳಿಯನ್ನು ಕೊಡುವ ಕ್ರಮವನ್ನು ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದನು. ಇಲ್ಲಿ ಮೂಗು ಕೆಲಸದಲ್ಲಿಯೇ ಇದೆ, ಆದರೂ ಗಂಟಲು ಒಣಗುವುದೇಕೆ? ನಿದ್ರೆಯಲ್ಲಿ ಬಾಯಿ ತೆರೆದರೆ ಗಾಳಿ ಮೂಗಿನಿಂದ ಹೊಕ್ಕು ಬಾಯಿಂದ ಹೊರಟುಹೋಗುತ್ತದೆ. ಮೂಗು ಕೊಟ್ಟುದೇ ಹೊರತು ಮರಳಿ ಪಡೆದುದಿಲ್ಲ. ಇಂಥ ಯಂತ್ರಕ್ಕೆ ನೀರಿನ ತೊಟ್ಟಿ ಜೋಡಿಸುವಾಗ ಬಟ್ಟಿಯಿಳಿಸಿದ ನೀರನ್ನೇ ತುಂಬತಕ್ಕದ್ದು, ಉಳಿದುದನ್ನು ಪ್ರತಿದಿನವೂ ಚೆಲ್ಲತಕ್ಕದ್ದು. ಬೆಚ್ಚಗಿನ ನಿಂತ ನೀರು ರೋಗಾಣುಗಳಿಗೂ ಪ್ರಿಯವೇ. ಯಂತ್ರವನ್ನು ತಲೆದಿಂಬಿಗಿಂತ ಕೆಳಗಿನ ಮಟ್ಟದಲ್ಲಿರಿಸಿದರೆ ಹನಿಗಟ್ಟಿದ ನೀರು ಮುಖದತ್ತ ಬಾರದೆ ತೊಟ್ಟಿಗೇ ಮರಳುತ್ತದೆ.