ಚಂಡಮಾರುತ ತಿರುಗಿತು, ಆದರೆ ಎಲ್ಲಿಗೆ? (ಆದಿಕಾಂಡ 18:16-33)

ಆದಿಕಾಂಡ 18ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ, 16ನೇ ವಚನದಿಂದ. ಫೋನಲ್ಲಿ ಬೈಬಲ್ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಅಲ್ಲಿಗೆ ಬರೋ ಮೊದಲು ನನ್ನದೊಂದು ತಪ್ಪನ್ನ ಹೇಳ್ಬೇಕು.

ಇಲ್ಲಿ ಕೂತಿರೋರಲ್ಲಿ ಹೆಚ್ಚಿನವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು. ಕೆಲವರು ಚೆನ್ನೈಗೂ ಹೋದರು. ನಮ್ಮ ಊರುಗಳಿಗೂ ಸಮುದ್ರಕ್ಕೂ ಏನೂ ಸಂಬಂಧ ಇಲ್ಲ. ಆದರೂ 2023ರ ಡಿಸೆಂಬರ್ ಮೊದಲ ವಾರ ನಾವೆಲ್ಲ ಬಂಗಾಳ ಕೊಲ್ಲಿಯ ನಕ್ಷೆ ನೋಡ್ತಾ ಕೂತಿದ್ವಿ. ಮಿಚಾಂಗ್ ಚಂಡಮಾರುತ. ಮ್ಯಾನ್ಮಾರ್ ದೇಶ ಕೊಟ್ಟ ಹೆಸರು, ಮಿಗ್ಜಾಮ್ ಅಂತ ಓದಬೇಕಂತೆ. ಡಿಸೆಂಬರ್ 3, ಭಾನುವಾರ, ಅದು ಚಂಡಮಾರುತ ಅಂತ ಘೋಷಣೆ ಆಯ್ತು. ಆ ದಿನ ಆರಾಧನೆಯಲ್ಲಿ ನಾವು ಚೆನ್ನೈಯಲ್ಲಿರೋ ನಮ್ಮ ಮಕ್ಕಳ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥಿಸಿದ್ವಿ. "ಕರ್ತನೇ, ಇದನ್ನ ಚೆನ್ನೈಯಿಂದ ತಿರುಗಿಸು."

ರಾತ್ರಿ ನಾನು ಮಲಗಲಿಲ್ಲ. ಹವಾಮಾನ ಇಲಾಖೆ ಮೂರು ಗಂಟೆಗೊಮ್ಮೆ ಬುಲೆಟಿನ್ ಹಾಕುತ್ತೆ, ನಾನು ಮೂರು ನಿಮಿಷಕ್ಕೊಮ್ಮೆ ನೋಡ್ತಿದ್ದೆ. ಅದನ್ನ ಪ್ರಾರ್ಥನೆ ಅಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ನೋಡಿದರೆ ನಕ್ಷೆಯ ಗೆರೆ ಚೆನ್ನೈ ಮುಟ್ಟದೆ ಉತ್ತರಕ್ಕೆ, ಆಂಧ್ರದ ಕಡೆಗೆ ಹೋಗ್ತಿತ್ತು. ತಕ್ಷಣ ಗ್ರೂಪಿಗೆ ಧ್ವನಿ ಸಂದೇಶ ಹಾಕಿದೆ. "ಹಲ್ಲೆಲೂಯಾ! ಕರ್ತನು ಗಾಳಿಯನ್ನು ತಿರುಗಿಸಿದ್ದಾನೆ! ಚೆನ್ನೈಗೆ ತಪ್ಪಿತು!" ಸಾಲುಸಾಲಾಗಿ ಆಮೆನ್ ಬಂತು.

ಅದರ ಮಧ್ಯದಲ್ಲಿ ಚನ್ನಗಿರಿಯ ಒಬ್ಬ ಅಕ್ಕನ ಧ್ವನಿ. ಹತ್ತು ಸೆಕೆಂಡೂ ಇರಲಿಲ್ಲ. "ಪಾಸ್ಟ್ರೇ, ನನ್ನ ಮಗನ ಫೋನ್ ನಿನ್ನೆ ರಾತ್ರಿಯಿಂದ ಹತ್ತುತ್ತಿಲ್ಲ. ತಪ್ಪಿತು ಅಂತೀರಲ್ಲ, ಯಾರಿಗೆ ತಪ್ಪಿತು?"

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಆಮೇಲೆ ಸುದ್ದಿ ನೋಡಿದೆ. ಚಂಡಮಾರುತದ ಕಣ್ಣು ಸಮುದ್ರದಲ್ಲೇ, ಚೆನ್ನೈಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿತ್ತು, ನಿಜ. ಆದರೆ ಅದರ ಮಳೆ ಮೋಡಗಳು ನಗರದ ಮೇಲೇ ಇದ್ದವು. ವೇಲಚೇರಿ, ಪಳ್ಳಿಕರಣೈ ಕಡೆ ಮನೆಗಳೊಳಗೆ ನೀರು. ವಿಮಾನ ನಿಲ್ದಾಣ ಮುಚ್ಚಿತ್ತು. ನಾನು ನೋಡ್ತಿದ್ದ ಗೆರೆ ಕಣ್ಣು ಹೋಗೋ ದಾರಿ ಮಾತ್ರ. ಸುತ್ತ ಬಣ್ಣ ಹಚ್ಚಿರ್ತಾರಲ್ಲ, ಅದೂ ಕಣ್ಣು ಎಲ್ಲೆಲ್ಲಿ ಹೋಗಬಹುದು ಅನ್ನೋ ಅಂದಾಜು, ಮಳೆ ಎಲ್ಲಿ ಬೀಳುತ್ತೆ ಅಂತ ಅಲ್ಲ. ಬೈಬಲ್ ಕಾಲೇಜಿನ ಡಿಪ್ಲೊಮಾದಲ್ಲಿ ಇದನ್ನ ಕಲಿಸಲ್ಲ, ಕಲಿಯದೇ ನಾನು ಪ್ರವಾದಿ ಥರ ಮಾತಾಡಿದ್ದೆ.

ಇನ್ನೊಂದು ವಿಷಯ. ಚೆನ್ನೈ ಬಿಟ್ಟು ಹೋದ ಗಾಳಿ ಆವಿಯಾಗಿ ಹೋಗಲಿಲ್ಲ. ಡಿಸೆಂಬರ್ 5ರ ಮಧ್ಯಾಹ್ನ ಆಂಧ್ರದ ಬಾಪಟ್ಲ ಹತ್ತಿರ ಗಂಟೆಗೆ 90ರಿಂದ 100 ಕಿಲೋಮೀಟರ್ ವೇಗದಲ್ಲಿ ದಡ ಹತ್ತಿತು. ಅಲ್ಲೂ ಮೀನುಗಾರರಿದ್ದಾರೆ, ಭತ್ತ ಬೆಳೆದವರಿದ್ದಾರೆ, ನಮ್ಮ ಹಾಗೆ ಸಭೆ ಕೂಡೋ ವಿಶ್ವಾಸಿಗಳೂ ಇದ್ದಾರೆ. ಅವರೂ ಆ ಭಾನುವಾರ "ತಿರುಗಿಸು" ಅಂತ ಕೇಳಿರ್ತಾರೆ ಅಲ್ವಾ? ಹಾಗಾದ್ರೆ ನಾನು ಹಲ್ಲೆಲೂಯಾ ಅಂದಿದ್ದು ಯಾವುದಕ್ಕೆ?

ಹೊನ್ನಾಳಿಯವನಾದ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ಮಲೆನಾಡಲ್ಲಿ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ "ಗಾಜನೂರಲ್ಲಿ ಎಷ್ಟು ಬಿಟ್ರಂತೆ?" ಅನ್ನೋದು. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಬೇಗ ತುಂಬುತ್ತೆ, ಬಂದ ನೀರನ್ನ ಬಿಡಲೇಬೇಕು. ಅದು ಶಿವಮೊಗ್ಗ ದಾಟಿ, ಕೂಡಲಿಯಲ್ಲಿ ಭದ್ರೆಯನ್ನ ಕೂಡಿಕೊಂಡು ನಮ್ಮಲ್ಲಿಗೆ ಬರುತ್ತೆ. ಬಾಲರಾಜ್ ಘಾಟ್‌ನ ತಗ್ಗಿನ ಮನೆಗಳವರು ಸಾಮಾನು ಕಟ್ಟಿಕೊಂಡು ಕಾಯ್ತಾರೆ. ನೀರು ಇಳಿದರೆ ಸ್ತೋತ್ರ ಹೇಳ್ತೀವಿ. ಆದರೆ ನಮ್ಮಲ್ಲಿ ಇಳಿದ ನೀರು ಹರಿಹರದ ಕಡೆ ಏರುತ್ತೆ. ಹೊಳೆ ದಂಡೆಯಲ್ಲಿ ಬೆಳೆದವನಿಗೆ ಸಮುದ್ರದ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಈಗ ಆದಿಕಾಂಡಕ್ಕೆ ಬನ್ನಿ. ಸೊದೋಮಿಗೆ ಏನು ಬರಲಿದೆ ಅಂತ ಅಬ್ರಹಾಮನಿಗೆ ಮೊದಲೇ ತಿಳೀತು. ಅಲ್ಲಿ ಅವನ ತಮ್ಮನ ಮಗ ಲೋಟ ಇದ್ದಾನೆ, ಹೆಂಡತಿ ಮಕ್ಕಳ ಜೊತೆ. ನಾನಾಗಿದ್ರೆ "ಕರ್ತನೇ, ನಮ್ಮ ಹುಡುಗನ್ನ ಹೊರಗೆ ತಾ" ಅಂತ ಒಂದೇ ಮಾತು ಕೇಳ್ತಿದ್ದೆ. ಅಬ್ರಹಾಮ ಐವತ್ತರಿಂದ ಶುರುಮಾಡಿದ. ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಆರು ಸಾರಿ ಕೇಳಿದ. ಮನೆಗೆ ಹೋಗಿ ಆ ವಚನಗಳನ್ನ ಇನ್ನೊಮ್ಮೆ ಓದಿ, ಆ ಆರರಲ್ಲಿ ಒಂದು ಸಾರಿನಾದ್ರೂ ಲೋಟನ ಹೆಸರು ಇದೆಯಾ ಹುಡುಕಿ. ಇಲ್ಲ. ಮನಸ್ಸಲ್ಲಿ ಲೋಟ ಇದ್ದೇ ಇದ್ದ, ಅನುಮಾನ ಬೇಡ. ಆದರೆ ಅವನು ಬೇಡಿಕೊಂಡಿದ್ದು ಊರಿಗೋಸ್ಕರ. ಲೋಟನ ಅಕ್ಕಪಕ್ಕದ ಮನೆಯವರೂ ಅದರಲ್ಲಿ ಬಂದರು.

19ನೇ ಅಧ್ಯಾಯದ 27, 28ನೇ ವಚನ ನನಗೆ ಇನ್ನೂ ಹತ್ತಿರ. ಮರುದಿನ ಮುಂಜಾನೆ ಎದ್ದು ಅವನು ಹಿಂದಿನ ದಿನ ದೇವರ ಮುಂದೆ ನಿಂತಿದ್ದ ಜಾಗಕ್ಕೇ ಹೋಗಿ ಆ ಕಡೆ ನೋಡ್ತಾನೆ. ಅವನಿಗೆ ಸಿಕ್ಕ ಅಪ್‌ಡೇಟ್ ಹೊಗೆ ಮಾತ್ರ. ಲೋಟ ಉಳಿದ ಅಂತ ಅವನಿಗೆ ಯಾರಾದರೂ ಹೇಳಿದರಾ? ವಾಕ್ಯದಲ್ಲಿ ಇಲ್ಲ. ದೇವರು ಅಬ್ರಹಾಮನನ್ನು ನೆನಪುಮಾಡಿ ಲೋಟನನ್ನು ಉಳಿಸಿದ್ದು 29ನೇ ವಚನದಲ್ಲಿ ನಮಗೆ ಗೊತ್ತಾಗುತ್ತೆ. ಅವನು ಹೊಗೆ ನೋಡಿಕೊಂಡು ನಿಂತಿದ್ದಾನೆ.

ಇಲ್ಲಿ ಒಂದು ಎಚ್ಚರಿಕೆ. ಚೆನ್ನೈ ಸೊದೋಮ್ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋ ಫಾರ್ವರ್ಡ್‌ಗಳು ಪ್ರತಿ ಪ್ರವಾಹಕ್ಕೂ ಬರ್ತವೆ, ದಯವಿಟ್ಟು ಮುಂದೆ ಕಳಿಸಬೇಡಿ. ಸಿಲೊವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ಕೆಟ್ಟವರಾ ಅನ್ನೋ ಲೆಕ್ಕವನ್ನ ಯೇಸುವೇ ಒಪ್ಪಲಿಲ್ಲ. ಲೂಕ 13.

ಹಾಗೇ, ಟ್ರ್ಯಾಕ್ ಮಾಡೋದು ಅವಿಶ್ವಾಸ ಅನ್ನೋರೂ ಇದ್ದಾರೆ. ಅದನ್ನೂ ನಾನು ಒಪ್ಪಲ್ಲ. 1977ರ ನವೆಂಬರ್ 19ರಂದು ಅದೇ ಆಂಧ್ರ ಕರಾವಳಿಯ ದಿವಿಸೀಮೆಗೆ ಚಂಡಮಾರುತ ನುಗ್ಗಿದಾಗ ಸತ್ತವರು ಸುಮಾರು 10,000 ಜನ. ಇವತ್ತು ದಿನಗಳ ಮೊದಲೇ ಗೊತ್ತಾಗುತ್ತೆ, ಜನರನ್ನ ತಗ್ಗು ಜಾಗಗಳಿಂದ ಹೊರಗೆ ಕರ್ಕೊಂಡು ಹೋಗ್ತಾರೆ. ಆ ಉಪಗ್ರಹ, ಆ ರೇಡಾರ್, ರಾತ್ರಿಯೆಲ್ಲ ಎದ್ದಿರೋ ಆ ಅಧಿಕಾರಿಗಳು, ಇವರಿಗೋಸ್ಕರ ಸ್ತೋತ್ರ ಹೇಳಿ. ನಕ್ಷೆ ನೋಡಿ. ನೋಡಿದ ಮೇಲೆ ಫೋನ್ ಮಾಡಿ, "ಕುಡಿಯೋ ನೀರು ತುಂಬಿಟ್ಕೊಂಡ್ಯಾ, ಪವರ್ ಬ್ಯಾಂಕ್ ಚಾರ್ಜ್ ಆಯ್ತಾ" ಅಂತ ಕೇಳಿ. ನಾನು ಆ ರಾತ್ರಿ ನಕ್ಷೆ ಎಷ್ಟೋ ಸಾರಿ ನೋಡಿದೆ, ಆ ಹುಡುಗನಿಗೆ ಒಂದು ಸಾರಿನೂ ಫೋನ್ ಮಾಡಲಿಲ್ಲ.

ಅವನು ಬುಧವಾರ ಬೆಳಿಗ್ಗೆ ಯಾರದೋ ಫೋನಿಂದ ತಾಯಿಗೆ ಮಾತಾಡಿದ. ಕೆಳಗಿನ ಮನೆಯಲ್ಲಿ ಇದ್ದ, ನೀರು ಬಂದಾಗ ಮೇಲಿನ ಮಹಡಿಯವರು ಕರ್ಕೊಂಡಿದ್ದಾರೆ. ಕರೆಂಟಿಲ್ಲ, ಫೋನ್ ಸತ್ತುಹೋಗಿತ್ತು. ಎರಡು ದಿನ ಅವರ ಮನೆಯಲ್ಲೇ ಊಟ. ಆ ಮನೆಯವರು ನಮ್ಮ ವಿಶ್ವಾಸದವರಲ್ಲ. ನಮ್ಮ ಪ್ರಾರ್ಥನಾ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ.

ಆ ವಾರವೇ ಜಗಳೂರಿನ ಒಬ್ಬ ಸಹೋದರ ನನ್ನನ್ನ ಬೇರೆಯಾಗಿ ಕೇಳಿದ. ನೆನಪಿದೆಯಲ್ಲ, ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. "ಪಾಸ್ಟ್ರೇ, ನಮ್ಮ ಅಪ್ಪ ಮೋಡ ನೋಡ್ಕೊಂಡು ಕೂತಿದ್ದಾರೆ. ಆ ಮಳೆ ಸ್ವಲ್ಪ ಇತ್ತ ಬರಲಿ ಅಂತ ಕೇಳಿದ್ರೆ ಪಾಪಾನಾ?" ಚೆನ್ನೈ ಮುಳುಗ್ತಿರೋವಾಗ ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ನಾಚಿಕೆ. ಪಾಪ ಅಲ್ಲ, ಕೇಳು ಅಂದೆ. ಒಂದೇ ಮೋಡದ ಕೆಳಗೆ ಒಬ್ಬನಿಗೆ ಅತಿಯಾಗಿ, ಇನ್ನೊಬ್ಬನಿಗೆ ಏನೂ ಇಲ್ಲದೆ ಯಾಕೆ ಹೀಗೆ, ನನ್ನ ಹತ್ತಿರ ಉತ್ತರ ಇಲ್ಲ. ಎರಡನ್ನೂ ಒಂದೇ ದೇವರ ಮುಂದೆ ಇಡಬಹುದು ಅಂತ ಮಾತ್ರ ಗೊತ್ತು.

2024ರ ನವೆಂಬರ್ 30, ಶನಿವಾರ ರಾತ್ರಿ ಫೆಂಗಲ್ ಪುದುಚೇರಿ ಹತ್ತಿರ ದಡ ಹತ್ತಿ, ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಈ ಸಾರಿ ಚೆನ್ನೈಯ ನಮ್ಮ ಮಕ್ಕಳೆಲ್ಲ ಫೋನಿಗೆ ಸಿಕ್ಕರು. ನಾನು ಹಲ್ಲೆಲೂಯಾ ಕಳಿಸಲಿಲ್ಲ, ಕಾದೆ. ಭಾನುವಾರ ತಿರುವಣ್ಣಾಮಲೈಯಲ್ಲಿ ಗುಡ್ಡ ಕುಸಿದು ಏಳು ಜನ ತೀರಿಕೊಂಡರು, ಅದರಲ್ಲಿ ಐದು ಮಕ್ಕಳು.

ಮಳೆ ನಮ್ಮ ಕಡೆಗೂ ಬರುತ್ತೆ ಅಂತ ಮುನ್ಸೂಚನೆ ಇತ್ತು. ಚನ್ನಗಿರಿಯ ಆ ಅಕ್ಕ ಬೇಯಿಸಿ ಒಣಗಲು ಹಾಕಿದ್ದ ಅಡಿಕೆಗೆ ಟಾರ್ಪಾಲು ಹೊದಿಸಿ ಬಂದು ಆನ್‌ಲೈನ್ ಪ್ರಾರ್ಥನೆಗೆ ಸೇರಿದರು. ಅವರ ಸರದಿ ಬಂದಾಗ ಅಡಿಕೆ ವಿಷಯ ಎತ್ತಲಿಲ್ಲ. "ಕರ್ತನೇ, ಪುದುಚೇರಿಯಲ್ಲಿ ಯಾವ ತಾಯಿಗೆ ಮಗನ ಫೋನ್ ಹತ್ತುತ್ತಿಲ್ಲವೋ, ಅವಳ ಹೆಸರು ನನಗೆ ಗೊತ್ತಿಲ್ಲ, ನಿನಗೆ ಗೊತ್ತು" ಅಂದರು. ಮೈಕ್ ಆಫ್ ಮಾಡೋದು ಮರೆತಿದ್ದರು. ಹಿಂದೆ ಟಾರ್ಪಾಲಿನ ಮೇಲೆ ಹನಿ ಬೀಳೋ ಸದ್ದು ಕೇಳ್ತಿತ್ತು.

ಎದ್ದು ನಿಲ್ಲೋಣ. ಪ್ರಾರ್ಥಿಸೋಣ.