ವಿಳಾಸ ಸರಿ ಇದೆ ಅಂತ ಹೇಗೆ ತಿಳಿಯೋದು?
ಇ-ಮೇಲ್ ಯಾದಿಯ ಬಗ್ಗೆ ಐದು ತಪ್ಪು ತಿಳಿವಳಿಕೆಗಳು



ನೀವು ಓದು ಬರಹ ಕಲಿತಿರಿ. ಲೆಕ್ಕ ಕಲಿತಿರಿ. ಬಚತ್ ಗಟದ ಸಭೆಯ ಠರಾವನ್ನು ಈಗ ನೀವೇ ಬರೆಯುತ್ತೀರಿ. ನಿಮ್ಮಲ್ಲಿ ಕೆಲವರು ಗಟದ ಮಾಲನ್ನು ದೂರದ ಊರಿಗೂ ಕಳಿಸುತ್ತೀರಿ. ಸೊಲ್ಲಾಪುರ, ಅಕ್ಕಲಕೋಟ ಕಡೆಯ ಜೋಳದ ಕಡಕ್ ರೊಟ್ಟಿಗೆ, ಶೇಂಗಾ ಚಟ್ನಿಗೆ, ಚಾದರಕ್ಕೆ ಪುಣೆ, ಮುಂಬಯಿಯಲ್ಲೂ ಗಿರಾಕಿ ಇದ್ದಾರೆ. ಆ ಗಿರಾಕಿಗಳಿಗೆ ಸುದ್ದಿ ಮುಟ್ಟಿಸಲು ಫೋನಿನ ಜೊತೆಗೆ ಇ-ಮೇಲ್ ಕೂಡ ಬಳಕೆಯಲ್ಲಿದೆ. ಖರ್ಚು ಕಡಿಮೆ. ಮಾಲಿನ ಫೋಟೋ, ದರದ ಪಟ್ಟಿ ಎಲ್ಲಾ ಒಮ್ಮೆಗೇ ಹೋಗುತ್ತದೆ.

ಆದರೆ ವಿಳಾಸ ಸರಿ ಇರಬೇಕಲ್ಲ? ಅದೇ ಈ ಪಾಠದ ವಿಷಯ.

ಹೀಗೊಂದು ಗಟ ಇದೆ ಅಂತ ಇಟ್ಟುಕೊಳ್ಳಿ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಅವರು ಅಂಗಡಿ ಹಾಕಿದ್ದರು. ಬಂದ ಗಿರಾಕಿಗಳ 300 ಇ-ಮೇಲ್ ವಿಳಾಸಗಳನ್ನು ವಹಿಯಲ್ಲಿ ಬರೆದುಕೊಂಡರು. ದೀಪಾವಳಿಗೆ ಮೊದಲು ಎಲ್ಲರಿಗೂ ಪತ್ರ ಕಳಿಸಿದರು. ಲೆಕ್ಕ ಬರೆಯುವ ಹುಡುಗಿ ಅಧ್ಯಕ್ಷೆಯ ಹತ್ತಿರ ಬಂದಳು.

"ಅಕ್ಕಾ, 300 ಮಂದಿಗೆ ಮೇಲ್ ಹಾಕಿದ್ವಿ. 60 ವಾಪಸ್ ಬಂದಾವ."

"ಯಾಕ ತಂಗಿ? ನಾವು ಬರಕೊಂಡಿದ್ದು ಸರಿನೇ ಇತ್ತಲ್ಲ?"

"ಸರಿ ಇತ್ತು ಅಂತ ನಮಗ ಹೆಂಗ ಗೊತ್ತು ಅಕ್ಕಾ? ಪುಣೆದ ಕಾಕು ಮಗಳ ಮದುವಿಗೆ ರೊಟ್ಟಿ ಬೇಕು, ದರ ಕಳಸ್ರಿ ಅಂದಿದ್ರು. ಅವರ ಮೇಲ್‌ನೂ ವಾಪಸ್ ಬಂದೈತಿ. ಅವರು ದಾರಿ ನೋಡಿ ನೋಡಿ ಬ್ಯಾರೆ ಕಡೆ ಹೇಳಿಬಿಟ್ಟಾರ."

ಒಂದು ಅಕ್ಷರ ತಪ್ಪಿತು. ಒಂದು ಮದುವೆಯ ಆರ್ಡರ್ ಹೋಯಿತು. ನೋಡಿ, ಅಕ್ಷರದ ಬೆಲೆ ಎಷ್ಟು!

ವಿಳಾಸ ಎಂದರೇನು?

ಇ-ಮೇಲ್ ವಿಳಾಸಕ್ಕೆ ಎರಡು ಭಾಗ. ನಡುವೆ @ ಚಿಹ್ನೆ. ಇದನ್ನು 'ಅಟ್' ಎಂದು ಓದುತ್ತೇವೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಲು ಈ ಚಿಹ್ನೆಯನ್ನು ಆರಿಸಿಕೊಂಡರು. ಎಡಗಡೆ ಇರುವುದು ಮನೆಯ ಹೆಸರು. ಬಲಗಡೆ ಇರುವುದು ಊರಿನ ಹೆಸರು. ಹೀಗೆ ತಿಳಿದರೆ ಸುಲಭ. ಜಿಮೇಲ್ ಡಾಟ್ ಕಾಮ್ ಎಂಬುದು ಊರು. ಆ ಊರಲ್ಲಿ ಕೋಟಿಗಟ್ಟಲೆ ಮನೆಗಳು.

ಈಗ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ತಿಳಿವಳಿಕೆ 1: "@ ಇದೆ, ಚುಕ್ಕೆ ಇದೆ. ಅಂದಮೇಲೆ ವಿಳಾಸ ಸರಿ."

ಇದು ಸರಿಯಲ್ಲ. ಇದು ರೂಪದ ಪರೀಕ್ಷೆ ಮಾತ್ರ. ಟಪಾಲು ಲಕೋಟೆಯ ಮೇಲೆ ಪಿನ್ ಕೋಡಿನ 6 ಅಂಕಿ ಸರಿಯಾಗಿ ಬರೆದಿರಿ. ಅಷ್ಟಕ್ಕೇ ಆ ಓಣಿಯಲ್ಲಿ ಆ ಮನೆ ಇದೆ ಅಂತ ಹೇಳಲು ಬರುತ್ತದೆಯೇ? ಇಲ್ಲ. ಹಾಗೆಯೇ ನೋಡಲು ಚಂದ ಇರುವ ಇ-ಮೇಲ್ ವಿಳಾಸಕ್ಕೆ ಯಜಮಾನರೇ ಇಲ್ಲದೆ ಇರಬಹುದು. ಅಥವಾ ಅದು ಬೇರೆಯವರದ್ದೇ ಆಗಿರಬಹುದು.

ಇದರ ಉಲ್ಟಾ ಕೂಡ ಉಂಟು. ನೋಡಲು ವಿಚಿತ್ರ ಇದ್ದರೂ ಕೆಲವು ವಿಳಾಸ ಸರಿ ಇರುತ್ತವೆ. ಎಡಭಾಗದಲ್ಲಿ ಕೂಡಿಸುವ ಚಿಹ್ನೆ ಬರಬಹುದು. ಕನ್ನಡ ಲಿಪಿಯಲ್ಲೂ ವಿಳಾಸ ಇರಬಹುದು. ಅದಕ್ಕೆ ಬೇಕಾದ ತಾಂತ್ರಿಕ ನಿಯಮ 2012ರಲ್ಲಿ ಬಂದಿದೆ. ಆದರೆ ಎಲ್ಲ ಕಡೆ ಅದನ್ನು ಇನ್ನೂ ಸ್ವೀಕರಿಸುವುದಿಲ್ಲ.

ಇನ್ನೊಂದು ಮಾತು. ತಪ್ಪು ಕಂಡಿತು ಅಂತ ನೀವೇ ತಿದ್ದಬೇಡಿ. ಜಿಮೇಲ್‌ನಲ್ಲಿ ಎಡಭಾಗದ ನಡುವೆ ಚುಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೇರೆ ಕಡೆ ಹಾಗಿಲ್ಲ. ಅಲ್ಲಿ ಚುಕ್ಕೆ ತೆಗೆದರೆ ಪತ್ರ ಬೇರೆಯವರ ಮನೆಗೆ ಹೋಗಬಹುದು. ಅನುಮಾನ ಬಂದರೆ ಗಿರಾಕಿಗೆ ಫೋನ್ ಮಾಡಿ ಕೇಳಿರಿ.

ತಪ್ಪು ತಿಳಿವಳಿಕೆ 2: "ಪರೀಕ್ಷೆ ಮಾಡುವ ಕಂಪನಿ 'ಸರಿ' ಅಂದರೆ ಮುಗಿಯಿತು."

ವಿಳಾಸ ಪರೀಕ್ಷೆ ಮಾಡಿಕೊಡುವ ಕಂಪನಿಗಳು ಇವೆ. ಅವು ಏನು ಮಾಡುತ್ತವೆ ಗೊತ್ತೇ? ಒಂದು ಸರ್ವರ್ ಇನ್ನೊಂದಕ್ಕೆ ಪತ್ರ ಕೊಡುವ ಪದ್ಧತಿಗೆ ಎಸ್‌ಎಂಟಿಪಿ ಎನ್ನುತ್ತಾರೆ. ಇದರ ನಿಯಮ 1982ರಲ್ಲಿ ಬಂತು. ಆ ಪದ್ಧತಿಯಲ್ಲಿ ಮೊದಲು ಬಾಗಿಲು ಬಡಿದು, "ಈ ಹೆಸರಿನವರಿಗೆ ಪತ್ರ ಇದೆ, ತಗೊಳ್ತೀರಾ?" ಎಂದು ಕೇಳಬೇಕು. ಒಪ್ಪಿದರೆ ಆ ಕಡೆಯ ಸರ್ವರ್ 250 ಎಂಬ ಅಂಕಿ ಕೊಡುತ್ತದೆ. ಅಂಥವರು ಇಲ್ಲ ಎಂದರೆ ಸಾಮಾನ್ಯವಾಗಿ 550 ಕೊಡುತ್ತದೆ. ಪರೀಕ್ಷೆ ಮಾಡುವವರು ಇಷ್ಟು ಕೇಳಿ, ಪತ್ರ ಕೊಡದೆ ತಿರುಗಿ ಬರುತ್ತಾರೆ.

ಇದು ಉಪಯೋಗದ ಕೆಲಸ. ಆದರೆ ಪೂರ್ತಿ ನಂಬುವ ಹಾಗಿಲ್ಲ. ಕೆಲವು ಸಂಸ್ಥೆಗಳ ಸರ್ವರ್ ಯಾವ ಹೆಸರು ಹೇಳಿದರೂ "ಹೂಂ, ಕೊಡ್ರಿ" ಅನ್ನುತ್ತದೆ. ಆಮೇಲೆ ಒಳಗೆ ಜಾಡಿಸಿ ಹಾಕುತ್ತದೆ. ಇನ್ನು ಕೆಲವು, ಗುರುತಿಲ್ಲದವರು ಬಂದರೆ "ಆಮೇಲೆ ಬಾ" ಅನ್ನುತ್ತವೆ. ಹೆಸರು ಇದೆಯೋ ಇಲ್ಲವೋ ಕೇಳುವುದಕ್ಕೇ ಆ ನಿಯಮದಲ್ಲಿ ಒಂದು ಬೇರೆ ಆಜ್ಞೆ ಇತ್ತು. ಕಳ್ಳರು ಹೆಸರು ಹುಡುಕಲು ಅದನ್ನು ಬಳಸಿದರು. ಆದ್ದರಿಂದ ಹೆಚ್ಚಿನ ಸರ್ವರ್‌ಗಳು ಅದಕ್ಕೆ ಈಗ ನಿಜವಾದ ಉತ್ತರ ಕೊಡುವುದಿಲ್ಲ.

ಮುಖ್ಯ ಸಂಗತಿ ಇದು. ಬಾಗಿಲು ಇದೆ ಎಂದು ಯಂತ್ರ ಹೇಳಬಹುದು. ಒಳಗೆ ಇರುವವರು ನಿಮ್ಮ ಗಿರಾಕಿಯೇ ಎಂದು ಯಂತ್ರ ಹೇಳಲಾರದು.

ತಪ್ಪು ತಿಳಿವಳಿಕೆ 3: "ವಾಪಸ್ ಬಂದ ಪತ್ರ ಎಲ್ಲಾ ಒಂದೇ. ಆ ಹೆಸರು ಹೊಡೆದು ಹಾಕಿದರಾಯಿತು."

ಹಾಗಲ್ಲ. ವಾಪಸ್ ಬಂದ ಪತ್ರದಲ್ಲಿ ಒಂದು ಅಂಕಿ ಇರುತ್ತದೆ. ಮೊದಲ ಅಂಕಿ ನೋಡಿರಿ.

4ರಿಂದ ಶುರುವಾದರೆ ಅಡಚಣೆ ತಾತ್ಕಾಲಿಕ. ಪೋಸ್ಟಮನ್ ಬಂದಾಗ ಮನೆಗೆ ಬೀಗ ಇದ್ದ ಹಾಗೆ. ಸರ್ವರ್ ಮತ್ತೆ ಪ್ರಯತ್ನ ಮಾಡುತ್ತದೆ. ಹೆಸರು ಹೊಡೆಯಬೇಡಿ.

5ರಿಂದ ಶುರುವಾದರೆ ಕಾಯಂ ನಿರಾಕರಣೆ. ಹೆಚ್ಚಾಗಿ ಅಂಥ ವಿಳಾಸ ಇಲ್ಲ ಎಂದು ಅರ್ಥ. ಆದರೆ ಜೊತೆಗಿರುವ ಸಾಲನ್ನೂ ಓದಿಸಿಕೊಳ್ಳಿ. ಕೆಲವೊಮ್ಮೆ "ನಿಮ್ಮ ಪತ್ರವನ್ನು ನಾವು ತೆಗೆದುಕೊಳ್ಳುವುದಿಲ್ಲ" ಎಂದಿರುತ್ತದೆ. ಆಗ ತಪ್ಪು ಗಿರಾಕಿಯ ವಿಳಾಸದ್ದಲ್ಲ. ಕಳಿಸಿದವರ ಮೇಲೆ ಅವರಿಗೆ ನಂಬಿಕೆ ಇಲ್ಲ.

ನಮ್ಮ ಗಟದ 60ರಲ್ಲಿ ಎಲ್ಲವೂ ಸತ್ತ ವಿಳಾಸ ಆಗಿರಲಿಕ್ಕಿಲ್ಲ. ಹುಡುಗಿ ಎರಡು ಪಟ್ಟಿ ಮಾಡಬೇಕು. ಒಂದು, ಮತ್ತೆ ನೋಡಬೇಕಾದದ್ದು. ಇನ್ನೊಂದು, ಫೋನ್ ಮಾಡಿ ಕೇಳಬೇಕಾದದ್ದು.

ತಪ್ಪು ತಿಳಿವಳಿಕೆ 4: "ಒಮ್ಮೆ ಖಾತ್ರಿ ಮಾಡಿದರೆ ಕಾಯಂ ಆಯಿತು."

ಜನ ಮನೆ ಬದಲಿಸುತ್ತಾರೆ. ಇ-ಮೇಲ್ ಕೂಡ ಬದಲಿಸುತ್ತಾರೆ. ನೌಕರಿ ಬಿಟ್ಟರೆ ಆಫೀಸಿನ ವಿಳಾಸ ಹೋಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ ಕಂಪನಿ 2023ರ ಡಿಸೆಂಬರ್‌ನಿಂದ ಆರಂಭಿಸಿದೆ. ಯಾಹೂ ಕಂಪನಿ 2013ರಲ್ಲಿ ಬಳಕೆಯಲ್ಲಿಲ್ಲದ ಹೆಸರುಗಳನ್ನು ಬೇರೆಯವರಿಗೆ ಕೊಟ್ಟಿತ್ತು. ಅಂದರೆ ಮನೆ ಅದೇ, ಒಳಗೆ ಇರುವವರು ಬೇರೆ.

ಇದರಲ್ಲಿ ಒಂದು ಬೋನೂ ಇದೆ. ಬೇಡದ ಪತ್ರ ಕಳಿಸುವವರನ್ನು ಹಿಡಿಯಲು ಕೆಲವು ಸಂಸ್ಥೆಗಳು ಹಳೆಯ, ಬಿಟ್ಟುಹೋದ ವಿಳಾಸಗಳನ್ನೇ ಮತ್ತೆ ತೆರೆದು ಇಡುತ್ತವೆ. ಅಲ್ಲಿಂದ ಪತ್ರ ವಾಪಸ್ ಬರುವುದಿಲ್ಲ. ಪರೀಕ್ಷೆಯಲ್ಲೂ "ಸರಿ" ಎಂದೇ ತೋರುತ್ತದೆ. ಆದರೆ ಅಲ್ಲಿಗೆ ಪತ್ರ ಹಾಕಿದವರ ಹೆಸರು ಕೆಡುತ್ತದೆ. ಆದ್ದರಿಂದ ವರ್ಷಗಟ್ಟಲೆ ಉತ್ತರ ಕೊಡದ ವಿಳಾಸಗಳನ್ನು ಯಾದಿಯಿಂದ ತೆಗೆಯುವುದು ಒಳ್ಳೆಯದು.

ತಪ್ಪು ತಿಳಿವಳಿಕೆ 5: "ಯಾದಿ ಕೊಂಡು ತಂದು, ತಪ್ಪು ವಿಳಾಸ ತೆಗೆದರೆ ಸಾಕು."

ನಮ್ಮ ಗಟಕ್ಕೆ ಒಬ್ಬರು ಬಂದು ಹೀಗೆ ಹೇಳಿದರು ಅಂತ ತಿಳಿಯಿರಿ. "ಅಕ್ಕಾವರೆ, 300 ಏನು ಸಾಕಾಗ್ತದ? ನನ್ನ ಹತ್ರ 5000 ವಿಳಾಸ ಅದಾವ. ಎಲ್ಲಾ ಪರೀಕ್ಷೆ ಮಾಡಿದ್ದು. ಒಂದೂ ವಾಪಸ್ ಬರಂಗಿಲ್ಲ."

ಇರಬಹುದು. ಒಂದೂ ವಾಪಸ್ ಬರದೆ ಇರಬಹುದು. ಆದರೆ ಆ 5000 ಮಂದಿ ನಿಮ್ಮನ್ನು ಕೇಳಿದ್ದಾರೆಯೇ? ವಿಳಾಸ ಸರಿ ಇರುವುದು ಬೇರೆ. ಒಪ್ಪಿಗೆ ಇರುವುದು ಬೇರೆ. ಯಾವ ಪರೀಕ್ಷೆಯೂ ಒಪ್ಪಿಗೆಯನ್ನು ಹುಟ್ಟಿಸುವುದಿಲ್ಲ.

1978ರಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬ ಮಾರಾಟಗಾರರು ತಮ್ಮ ಕಂಪನಿಯ ಕಂಪ್ಯೂಟರ್ ಜಾಹೀರಾತನ್ನು ಸುಮಾರು 400 ಮಂದಿಗೆ ಕೇಳದೆ ಕಳಿಸಿದರು. ಆ ವಿಳಾಸಗಳು ಸುಳ್ಳಾಗಿರಲಿಲ್ಲ. ಆದರೂ ಬಹಳ ಜನ ಸಿಟ್ಟಾದರು. ಬೇಡದ ಜಾಹೀರಾತು ಪತ್ರಗಳ ಇತಿಹಾಸ ಅಲ್ಲಿಂದ ಶುರು ಎನ್ನುತ್ತಾರೆ.

ಈಗ ನಿಯಮ ಬಿಗಿಯಾಗಿದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಪತ್ರ ಕಳಿಸುವವರಿಗೆ ಹೊಸ ಷರತ್ತು ಹಾಕಿವೆ. ಬೇಡ ಎನ್ನುವವರಿಗೆ ಒಂದೇ ಒತ್ತಿನಲ್ಲಿ ಹೊರಹೋಗುವ ದಾರಿ ಇರಬೇಕು. ಪತ್ರವನ್ನು 'ಸ್ಪ್ಯಾಮ್' ಎಂದು ಗುರುತಿಸುವವರ ಪ್ರಮಾಣ ನೂರಕ್ಕೆ 0.3 ಮುಟ್ಟಬಾರದು. ಅಂದರೆ ಸಾವಿರ ಪತ್ರಕ್ಕೆ ಮೂವರು. ಅಷ್ಟೇ! ಕೊಂಡ ಯಾದಿಗೆ ಪತ್ರ ಹಾಕಿದರೆ ಮೂವರು ಸಿಟ್ಟಾಗಲು ಎಷ್ಟು ಹೊತ್ತು ಬೇಕು? ಹಾಗಾದರೆ ನಿಮ್ಮ ಹಳೆಯ, ನಂಬಿಗಸ್ತ ಗಿರಾಕಿಗಳಿಗೂ ನಿಮ್ಮ ಪತ್ರ ಮುಟ್ಟದೆ ಹೋಗಬಹುದು. 5000ದ ಆಸೆಗೆ ಕೈಯಲ್ಲಿದ್ದ 300 ಹೋದಂತೆ.

ಕಾನೂನೂ ಇದೆ. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವು ಹಂತ ಹಂತವಾಗಿ ಜಾರಿಗೆ ಬರುತ್ತವೆ. ಒಬ್ಬರ ಮಾಹಿತಿ ಬಳಸಲು ಅವರ ಒಪ್ಪಿಗೆ ಮುಖ್ಯ, ಕೊಟ್ಟ ಒಪ್ಪಿಗೆಯನ್ನು ಅವರು ಹಿಂದಕ್ಕೆ ಪಡೆಯಬಹುದು ಎಂಬುದು ಅದರ ತಿರುಳು.

ಹಾಗಾದರೆ ನಾವು ಏನು ಮಾಡಬೇಕು?

1. ವಿಳಾಸವನ್ನು ಗಿರಾಕಿಯ ಕೈಯಿಂದಲೇ ಬರೆಸಿರಿ. ಬರೆದದ್ದನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಿರಿ. ಸೊನ್ನೆಯೋ, ಇಂಗ್ಲಿಷಿನ 'ಓ' ಅಕ್ಷರವೋ? ಒಂದೋ, 'ಎಲ್' ಅಕ್ಷರವೋ? ಡಾಟ್ ಕಾಮ್ ಬದಲು ಡಾಟ್ ಕಾನ್ ಆಗಿಲ್ಲವಷ್ಟೇ? ಕೇಳಲು ನಾಚಿಕೆ ಬೇಡ.

2. "ಹಬ್ಬದ ಹೊತ್ತಿಗೆ ಮಾಲಿನ ಸುದ್ದಿ ಕಳಿಸಲೇ?" ಎಂದು ಕೇಳಿರಿ. ಹೌದು ಎಂದರೆ ಮಾತ್ರ ಬರೆದುಕೊಳ್ಳಿ. ತಾರೀಖು, ಸ್ಥಳ ಹಾಕಿರಿ.

3. ಆ ವಾರದಲ್ಲೇ ಒಂದು ಸಣ್ಣ ಪತ್ರ ಕಳಿಸಿರಿ: "ಈ ವಿಳಾಸ ನಿಮ್ಮದೇ ಆದರೆ, ನಮ್ಮ ಸುದ್ದಿ ಬೇಕಾದರೆ, 'ಹೌದು' ಎಂದು ಉತ್ತರಿಸಿ." ಉತ್ತರ ಬಂದವರನ್ನು ಮಾತ್ರ ಯಾದಿಗೆ ಸೇರಿಸಿರಿ. ವಿಳಾಸವೂ ಒಪ್ಪಿಗೆಯೂ ಒಟ್ಟಿಗೇ ಖಾತ್ರಿ ಆಗುವ ದಾರಿ ಇದು.

4. ಎಲ್ಲರಿಗೂ ಒಂದೇ ಪತ್ರ ಕಳಿಸುವಾಗ ವಿಳಾಸಗಳನ್ನು 'ಬಿಸಿಸಿ' ಎಂಬ ಜಾಗದಲ್ಲಿ ಹಾಕಿರಿ. ಇಲ್ಲವಾದರೆ ಒಬ್ಬರ ವಿಳಾಸ ಉಳಿದ ಎಲ್ಲರಿಗೂ ಕಾಣುತ್ತದೆ.

5. "ಬೇಡ" ಎಂದವರ ಹೆಸರನ್ನು ಅಂದೇ ತೆಗೆಯಿರಿ.

ಅಕ್ಕ 5000ದ ಯಾದಿ ಕೊಳ್ಳಲಿಲ್ಲ.

"ತಂಗಿ, ವಹಿ ತಗೊಂಬಾ. ಆ 60 ಮಂದಿಗೆ ಒಬ್ಬೊಬ್ಬರಿಗೆ ಫೋನ್ ಹಚ್ಚೋಣು."

"ಎಲ್ಲಾರೂ ಸಿಗ್ತಾರೇನ್ ಅಕ್ಕಾ?"

"ಸಿಕ್ಕಷ್ಟು ಮಂದಿ ನಮ್ಮವರು. ಮೊದಲ ಪುಣೆದ ಕಾಕುಗ ಹಚ್ಚು. ಮದುವಿ ಆರ್ಡರ್ ಹೋತು, ಹೋಗ್ಲಿ. ತಪ್ಪಾತು ಅಂತ ಹೇಳಿ ಸರಿ ವಿಳಾಸ ಬರಕೊ. ಸಂಕ್ರಾಂತಿಗೆ ಅವರಿಗೆ ರೊಟ್ಟಿ ಬೇಕಾಗೇ ಬೇಕಾಗ್ತದ."

ನೆನಪಿಡಿ: ರೂಪ ಸರಿ ಇದ್ದರೆ ವಿಳಾಸ ಸರಿ ಅಂತಲ್ಲ. ವಿಳಾಸ ಸರಿ ಇದ್ದರೆ ಒಪ್ಪಿಗೆ ಇದೆ ಅಂತಲ್ಲ.

ಹೊಸ ಪದಗಳು
ಖಾತ್ರಿ – ನಿಜವೆಂದು ತಿಳಿದುಕೊಳ್ಳುವುದು
ಸರ್ವರ್ – ಪತ್ರಗಳನ್ನು ಪಡೆದು, ಇಟ್ಟು, ಮುಂದೆ ಕಳಿಸುವ ಕಂಪ್ಯೂಟರ್
ಸ್ಪ್ಯಾಮ್ – ಕೇಳದೆ ಬರುವ, ಬೇಡದ ಪತ್ರ
ಒಪ್ಪಿಗೆ – ಮನಸ್ಸಿನಿಂದ 'ಹೂಂ' ಎನ್ನುವುದು

ಅಭ್ಯಾಸ
1. ನಮ್ಮ ಗಟ ಕಳಿಸಿದ 300 ಪತ್ರಗಳಲ್ಲಿ 60 ವಾಪಸ್ ಬಂದವು. ನೂರಕ್ಕೆ ಎಷ್ಟಾಯಿತು?
2. ಸಾವಿರಕ್ಕೆ ಮೂರರಂತೆ, 2000 ಪತ್ರಗಳಿಗೆ ಎಷ್ಟು?
3. 4ರಿಂದ ಶುರುವಾಗುವ ಅಂಕಿ ಬಂದರೆ ನೀವು ಏನು ಮಾಡುತ್ತೀರಿ? ಎರಡು ಸಾಲು ಬರೆಯಿರಿ.
4. ಗಿರಾಕಿಯ ಒಪ್ಪಿಗೆ ಕೇಳುವ ಮೂರು ಸಾಲಿನ ಪತ್ರ ಬರೆಯಿರಿ. ಗಟದ ಮುಂದಿನ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಿರಿ.