‘ಮೇಮ್’ ತಂತ್ರಾಂಶವನ್ನು ಕಿರಿದಾಗಿ ಕಟ್ಟಿದ ಬಗೆ

ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆಯವರ ಬಾಯಿಂದ ಪೂರ್ತಿಯಾಗಿ ಕೇಳಬೇಕೆಂದರೆ ಒಂದು ರಾತ್ರಿ ಸಾಲದು. ಆದುದರಿಂದ ಹನೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಹರಕೆ ಹೊತ್ತವರು ‘ಸಂಕಮ್ಮನ ಸಾಲು’ ಎಂದೋ ‘ಸರಗೂರಯ್ಯನ ಸಾಲು’ ಎಂದೋ ಒಂದನ್ನು ಹೆಸರಿಸಿ ಹಾಡಿಸುತ್ತಿದ್ದರು. ನನ್ನ ತಾತನವರು ದೇವರಗುಡ್ಡರು. ಒಂದೇ ಸಾಲನ್ನು ಹಾಡುವಾಗಲೂ ಅವರು ಮೊದಲಿನ ಸ್ತುತಿಯನ್ನಾಗಲಿ, ಸೊಲ್ಲು ಹಿಡಿಯುವ ಹಿಮ್ಮೇಳವನ್ನಾಗಲಿ, ತಾಳವನ್ನಾಗಲಿ ಬಿಟ್ಟವರಲ್ಲ. ಹೀಗೇಕೆ ಎಂಬುದು ನನಗೆ ತಿಳಿದದ್ದು ಈ ವರ್ಷ, ಕೊಳ್ಳೇಗಾಲದ ಕೋಣೆಯೊಂದರಲ್ಲಿ ಗಣಕಯಂತ್ರದ ಮುಂದೆ ಕುಳಿತಾಗ.

ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ವಿಡಿಯೋ ಆಟದ ಯಂತ್ರಗಳು ಈಗ ಬಹುಮಟ್ಟಿಗೆ ಮೂಲೆ ಸೇರಿವೆ. ಅವುಗಳೊಳಗಿನ ಸಂಸ್ಕಾರಕ, ಪರದೆ, ಧ್ವನಿ ಇವುಗಳ ನಡೆಯನ್ನು ಇಂದಿನ ಗಣಕದಲ್ಲಿ ಅನುಕರಿಸಿ ತೋರಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಇವುಗಳಲ್ಲಿ ಪ್ರಸಿದ್ಧವಾದ ‘ಮೇಮ್’ ಅನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು 1997ರ ಫೆಬ್ರವರಿಯಲ್ಲಿ ಮೊದಲು ಹೊರತಂದರು. ನಮ್ಮ ಚಾಮರಾಜನಗರ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. 2015ರಲ್ಲಿ ಮನೆಗಣಕಗಳನ್ನು ಅನುಕರಿಸುವ ‘ಮೆಸ್’ ಇದರಲ್ಲಿ ಸೇರಿತು. 2016ರಲ್ಲಿ ಇದು ಮುಕ್ತ ತಂತ್ರಾಂಶವಾಯಿತು. ಹೀಗಾಗಿ ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಾವೇ ಕಟ್ಟಿಕೊಳ್ಳಬಹುದು.

ಯಳಂದೂರಿನ ಮಿತ್ರನೊಬ್ಬ ತನ್ನ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟಿದ್ದ. ಅದರ ಸ್ಮರಣಶಕ್ತಿ ಕೇವಲ 2 ಜಿ.ಬಿ. ಹತ್ತಾರು ಸಾವಿರ ಯಂತ್ರಗಳ ವಿವರವನ್ನು ಹೊತ್ತಿರುವ ಮೇಮ್ ಅನ್ನು ಇಡಿಯಾಗಿ ಕಟ್ಟಲು ಹೊರಟ ನನ್ನ ಸಾಹಸ ಎರಡು ರಾತ್ರಿ ನಡೆದು, ತುಂಡುಗಳನ್ನೆಲ್ಲ ಜೋಡಿಸುವ ಕೊನೆಯ ಹಂತದಲ್ಲಿ ಸ್ಮರಣೆ ಸಾಲದೆ ನಿಂತುಹೋಯಿತು. ಸಿಟ್ಟಿನಿಂದ, ಬೇಡವೆಂದು ತೋರಿದ ಕಡತಗಳನ್ನೆಲ್ಲ ಕೈಯಿಂದ ಅಳಿಸಿದೆ. ಆಗ ‘ಈ ಹೆಸರು ಸಿಕ್ಕಲಿಲ್ಲ, ಆ ಹೆಸರು ಸಿಕ್ಕಲಿಲ್ಲ’ ಎಂಬ ದೂರುಗಳು ಪರದೆಯ ತುಂಬ ಬಂದವು. ಸ್ತುತಿಯನ್ನೂ ಸೊಲ್ಲನ್ನೂ ಕಿತ್ತೆಸೆದು ಸಾಲು ಹಾಡಲು ಹೊರಟವನ ಪಾಡು ನನ್ನದಾಯಿತು.

ಸರಿಯಾದ ದಾರಿ ಕೈಪಿಡಿಯಲ್ಲೇ ಇತ್ತು. ಕಟ್ಟುವ ಆಜ್ಞೆಯಾದ ‘ಮೇಕ್’ ಜೊತೆಗೆ ಎರಡು ಮಾತು ಹೇಳಬೇಕು. ‘ಸಬ್‌ಟಾರ್ಗೆಟ್’ ಎಂಬುದು ನಮ್ಮ ಕಿರಿಯ ಕೃತಿಗೆ ನಾವಿಡುವ ಹೆಸರು. ‘ಸೋರ್ಸಸ್’ ಎಂಬುದು ನಮಗೆ ಬೇಕಾದ ಯಂತ್ರದ ಕಡತ. ಒಂದಕ್ಕಿಂತ ಹೆಚ್ಚಿದ್ದರೆ ನಡುವೆ ಅಲ್ಪವಿರಾಮವಿಡಬೇಕು. ಆ ಕಡತ ಯಾವ ಯಾವ ಕಡತಗಳನ್ನು ಕರೆಯುತ್ತದೆಂಬುದನ್ನು ತಂತ್ರಾಂಶವೇ ಹುಡುಕಿ, ಬೇಕಾದ ಸಂಸ್ಕಾರಕವನ್ನೂ ಧ್ವನಿಯ ಭಾಗವನ್ನೂ ಸೇರಿಸಿಕೊಳ್ಳುತ್ತದೆ. ಉದಾಹರಣೆಗೆ, 1980ರ ಪ್ಯಾಕ್‌ಮ್ಯಾನ್‌ನ ಕಡತವನ್ನು ಹೆಸರಿಸಿದರೆ ಅದು ಅವಲಂಬಿಸಿರುವ ‘ಜೆಡ್-80’ ಸಂಸ್ಕಾರಕವೂ ಬರುತ್ತದೆ. ಅದಕ್ಕೆ ಸಂಬಂಧಿಸದ ಸಾವಿರಾರು ಯಂತ್ರಗಳು ಬರುವುದಿಲ್ಲ. ಚಿತ್ರ ಬಿಡಿಸುವ, ಧ್ವನಿ ಹೊರಡಿಸುವ, ಕೀಲಿಗಳ ಒತ್ತನ್ನು ಓದುವ ಆಧಾರಭಾಗ ಮಾತ್ರ ಎಷ್ಟು ಕಿರಿದಾಗಿಸಿದರೂ ಉಳಿಯಲೇಬೇಕು.

ಆಟದ ತಂತ್ರಾಂಶ, ಅಂದರೆ ‘ರಾಮ್’ ಕಡತಗಳು, ಮೇಮ್‌ನೊಡನೆ ಬರುವುದಿಲ್ಲ. ಬಹುಪಾಲಿನ ಹಕ್ಕು ಅವುಗಳ ಒಡೆಯರದು. ಪ್ಯಾಕ್‌ಮ್ಯಾನ್‌ನದೂ ಹಾಗೆಯೇ ಆದುದರಿಂದ ನಾನು ‘ಗ್ರಿಡ್‌ಲೀ’ ಎಂಬ ಆಟವನ್ನು ಆರಿಸಿಕೊಂಡೆ. ಅಮೆರಿಕದ ವಿಡಿಯಾ ಎಂಬ ಸಂಸ್ಥೆಯ ಈ 1983ರ ಆಟ ಮಾರುಕಟ್ಟೆಗೆ ಬರಲೇ ಇಲ್ಲ. ಹಕ್ಕುದಾರರು ವ್ಯಾಪಾರಕ್ಕಲ್ಲದ ಬಳಕೆಗೆ ಅನುಮತಿ ಕೊಟ್ಟಿರುವುದರಿಂದ ಮೇಮ್‌ನ ತಾಣದಲ್ಲೇ ಅದು ದೊರೆಯುತ್ತದೆ. ಕಡತದ ಹೆಸರು ಬದಲಿಸಿ ಮತ್ತೆ ಕಟ್ಟಿದೆ. ಪಟ್ಟಿ ಕೇಳಿದರೆ ಹಿಂದೆ ಪರೀಕ್ಷೆಗೆ ಕಟ್ಟಿದ್ದ ಪ್ಯಾಕ್‌ಮ್ಯಾನ್ ಬಳಗವೇ ಕಾಣಿಸಿತು! ಕಟ್ಟುವ ಷರತ್ತು ಬದಲಾದಾಗ ‘ರೀಜೀನಿ’ಗೆ 1 ಎಂಬ ಬೆಲೆ ಕೊಟ್ಟು ಯೋಜನೆಯ ಕಡತಗಳನ್ನು ಹೊಸದಾಗಿ ಬರೆಸಬೇಕೆಂಬುದನ್ನು ನಾನು ಮರೆತಿದ್ದೆ. ಅದನ್ನು ಸೇರಿಸಿ, ಒಂದು ಸಲಕ್ಕೆ ಒಂದೇ ಕೆಲಸ ನಡೆಯುವಂತೆ ಮಾಡಿ, ರಾತ್ರಿ ಮಲಗಿದೆ. ಬೆಳಗ್ಗೆ ಗ್ರಿಡ್‌ಲೀ ಆಡಿತು. ಮಿತ್ರನಿಗೆ ಆದ ಸಂತೋಷವನ್ನು ಹೇಳಲಾರೆ.

ಆದರೆ ಆ ಸಂತೋಷದಲ್ಲಿ ನನಗೊಂದು ಅಳುಕೂ ಹುಟ್ಟಿತು. ನಾವಿಬ್ಬರೂ ಈ ಕಿರಿಯ ಕೃತಿಯನ್ನಷ್ಟೇ ಇಟ್ಟುಕೊಂಡು ಮೂಲಸಂಕೇತವನ್ನು ಅಳಿಸೋಣವೆಂದಿದ್ದೆವು, ಡಿಸ್ಕಿನಲ್ಲಿ ಜಾಗವಿರಲಿಲ್ಲ. ಆಗ ತಾತನವರ ನೆನಪಾಯಿತು. ಕೇಳುವವರು ಸದಾ ಎರಡು ಮೂರು ಸಾಲುಗಳನ್ನೇ ಕೇಳುತ್ತಿದ್ದರು. ಅವು ನನಗೂ ಅಷ್ಟಿಷ್ಟು ಬರುತ್ತವೆ. ಯಾರೂ ಕೇಳದ ಸಾಲುಗಳೂ ಅವರಿಗೆ ಬರುತ್ತಿದ್ದವು. ಮಹದೇಶ್ವರನ ಕಥೆ ಅಚ್ಚಿನಲ್ಲಿ ದೊರೆಯುತ್ತದೆ, ನಿಜ. ಅವರ ಬಾಯಿಯ ಪಾಠ ಮಾತ್ರ ಅವರೊಡನೆಯೇ ಹೋಯಿತು. ಮನೆಯಲ್ಲಿ ಫೋನು ಇತ್ತು. ಒಂದು ರಾತ್ರಿಯೂ ನಾನು ಅದರಲ್ಲಿ ಹಿಡಿದಿಡಲಿಲ್ಲ.

ಮೂಲಸಂಕೇತವನ್ನು ನಾವು ಅಳಿಸಲಿಲ್ಲ; ಬೇರೊಂದು ಡಿಸ್ಕಿಗೆ ಇಳಿಸಿ ಇಟ್ಟೆವು. ಕಿರಿದು ಮಾಡುವುದು ತಪ್ಪಲ್ಲ, ಬಡವನ ಯಂತ್ರಕ್ಕೆ ಅದು ಅಗತ್ಯ. ಆದರೆ ಹಿರಿದನ್ನು ಎಲ್ಲೋ ಒಂದು ಕಡೆ ಕಾದಿಟ್ಟವನಿಗೆ ಮಾತ್ರ ಆ ಅಧಿಕಾರ ಉಂಟೆಂದು ನಾನು ತಿಳಿಯುತ್ತೇನೆ. ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಈ ಬೇಸಗೆ ರಜೆಯಲ್ಲಿ ಊರಿಗೆ ಹೋದಾಗ, ನಿಮ್ಮ ಮನೆಯ ಹಿರಿಯರಲ್ಲಿ ಹಾಡು ಬಲ್ಲವರಿದ್ದರೆ, ಯಾರೂ ಕೇಳದ ಸಾಲನ್ನು ಮೊದಲು ಕೇಳಿ.